ಸಿಗಡಿಯಿರುವ ಗಿಡತೊಟ್ಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್?

ಪ್ರಶ್ನೆ: ಅಕ್ವೇರಿಯಂನ ಗಿಡಗಳಿಗೆ ಕೊಡುವ ಇಂಗಾಲದ ಡೈಆಕ್ಸೈಡ್ ಸಿಗಡಿಗಳಿಗೆ ಅಪಾಯಕಾರಿಯೇ? (ಓದುಗರು, ಜೆಪ್ಪು)

ಉತ್ತರ: ಮಿತಿಮೀರಿದರೆ ಖಂಡಿತ ಅಪಾಯಕಾರಿ. ನೀರಿನಲ್ಲಿ ಈ ಅನಿಲ ಹೆಚ್ಚಿದಾಗ ಸಿಗಡಿಯ ದೇಹದೊಳಗಿನ ಅನಿಲವು ಕಿವಿರುಗಳ ಮೂಲಕ ಸುಲಭವಾಗಿ ಹೊರಹೋಗಲಾರದೆ ಅದರ ದೇಹದ್ರವ ಆಮ್ಲೀಯವಾಗುತ್ತದೆ. ಮುರಕಲ್ಲಿನ ನೆಲದ ಕರಾವಳಿ ಬಾವಿನೀರಿನಲ್ಲಿ ಕ್ಷಾರತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಗುಣ, ಸಾಮಾನ್ಯವಾಗಿ ಕಡಿಮೆಯಿರುವುದರಿಂದ ಪಿಎಚ್ ಬೇಗನೆ ಇಳಿಯುತ್ತದೆ, ಸೆಕೆಗಾಲದ ಬಿಸಿನೀರು ಆಮ್ಲಜನಕವನ್ನೂ ಕಡಿಮೆ ಹಿಡಿದಿಡುತ್ತದೆ.

ಅನಿಲದ ಮಟ್ಟವನ್ನು ಬಣ್ಣದಿಂದ ತೋರುವ ಡ್ರಾಪ್ ಚೆಕರ್ ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಎಂದರ್ಥ. ಸಿಗಡಿಗಳಿದ್ದಲ್ಲಿ 20ರ ಆಸುಪಾಸು ಕ್ಷೇಮಕರ. ಕತ್ತಲಲ್ಲಿ ಗಿಡಗಳೂ ಈ ಅನಿಲವನ್ನೇ ಬಿಡುವುದರಿಂದ ದೀಪದೊಂದಿಗೆ ಸಿಲಿಂಡರಿನ ಹರಿವೂ ನಿಲ್ಲಬೇಕು. ಸಿಗಡಿಗಳು ಮೇಲ್ಮೈಗೆ ಧಾವಿಸಿದರೆ ಅನಿಲವನ್ನು ತಕ್ಷಣ ನಿಲ್ಲಿಸಿ ಗಾಳಿಪಂಪು ಚಾಲೂ ಮಾಡಬೇಕು.