ಬಾವಿ ಬತ್ತಿದರೆ ಆಯಿಲ್ ಎಂಜಿನ್ನಿಗೂ ಪೆಟ್ಟು: ಸಿಲಿಂಡರ್ ಕೆಟ್ಟಿದೆಯೇ, ತಿಳಿಯುವುದು ಹೇಗೆ?

ಬತ್ತಲಗುಂಡು: ತಮಿಳುನಾಡಿನಲ್ಲಿ ಎಲ್ಲ ರೈತರ ಪಂಪ್‌ಸೆಟ್‌ಗಳಿಗೆ ಕರೆಂಟು ಉಚಿತವಾದದ್ದು 1990ರಲ್ಲಿ. ಆದರೂ ಸಂಪರ್ಕ ಸಿಗದವರಿಗೆ, ಕರೆಂಟು ಕೈಕೊಟ್ಟಾಗ ಉಳಿದವರಿಗೂ, ಡೀಸೆಲ್ ಆಯಿಲ್ ಎಂಜಿನ್ನೇ ಆಸರೆ. ಬಾಳೆ, ತೆಂಗಿಗೆ ನೀರು ಬೇಕಾದ ಬೇಸಿಗೆಯಲ್ಲೇ ಅದು ಕೆಟ್ಟು ನಿಲ್ಲುತ್ತದೆ. ‘ಸಿಲಿಂಡರ್ ಹೋಗಿದೆ, ಲೈನರ್ ಬದಲಿಸಬೇಕು’ ಎಂಬ ಮಾತಿಗೆ ರೈತ ಕಂಗಾಲಾಗುತ್ತಾನೆ. ಕೆಟ್ಟಿರುವುದು ಸಿಲಿಂಡರೇ ಅಥವಾ ಬೇರೆಯೇ ಎಂಬುದು ಎಂಜಿನ್ ಬಿಚ್ಚುವ ಮೊದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಬೇಸಿಗೆಯಲ್ಲೇ ಏಕೆ?
ಅನೇಕ ಪಂಪ್‌ಸೆಟ್ ಎಂಜಿನ್‌ಗಳಿಗೆ ರೇಡಿಯೇಟರ್ ಇರುವುದಿಲ್ಲ. ಪಂಪು ಎತ್ತಿದ ನೀರಿನಲ್ಲೇ ಸ್ವಲ್ಪ ಭಾಗ ಸಣ್ಣ ಪೈಪಿನಲ್ಲಿ ಬಂದು ಸಿಲಿಂಡರನ್ನು ತಂಪು ಮಾಡುತ್ತದೆ. ಬಾವಿಯ ನೀರು ಫುಟ್‌ವಾಲ್ವಿಗಿಂತ ಕೆಳಗಿಳಿದರೆ ಎಂಜಿನ್ನಿಗೂ ನೀರು ನಿಲ್ಲುತ್ತದೆ. ಆಗ ಅಲ್ಯುಮಿನಿಯಂ ಪಿಸ್ಟನ್ ಬೀಡುಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗಿ, ಗೋಡೆಗೆ ಕಚ್ಚಿಕೊಂಡು ಉದ್ದುದ್ದ ಗೀರು ಎಳೆಯುತ್ತದೆ. ಏರ್ ಕ್ಲೀನರ್ ನೋಡಿಕೊಳ್ಳದಿದ್ದರೆ ಧೂಳು ಒಳನುಗ್ಗಿ ಸಿಲಿಂಡರನ್ನು ನಿಧಾನವಾಗಿ ಸವೆಸುತ್ತದೆ.

ಒಂದು ಚಮಚ ಎಣ್ಣೆಯ ಪರೀಕ್ಷೆ
ಡೀಸೆಲ್ ನಿಲ್ಲಿಸಿ, ಫ್ಲೈವೀಲನ್ನು ಕೈಯಿಂದ ತಿರುಗಿಸಿ. ಒಳಗಿನ ಗಾಳಿಯ ಒತ್ತಡಕ್ಕೆ ಚಕ್ರ ಹಿಂದಕ್ಕೆ ಚಿಮ್ಮಬೇಕು. ಸಲೀಸಾಗಿ ತಿರುಗಿದರೆ ಒತ್ತಡ ಸೋರುತ್ತಿದೆ ಎಂದರ್ಥ. ಇಂಜೆಕ್ಟರ್ ತೆಗೆದು ಆ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಇಂಜೆಕ್ಟರ್ ಮತ್ತೆ ಕೂರಿಸಿ, ಕೈಯಿಂದಲೇ ತಿರುಗಿಸಿ. ಈಗ ಬಿಗಿ ಬಂದರೆ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಎಣ್ಣೆ ಆ ಸಂದನ್ನು ಮುಚ್ಚಿದೆ. ಬಿಗಿ ಬಾರದಿದ್ದರೆ ಮೊದಲು ವಾಲ್ವ್, ಹೆಡ್ ಗ್ಯಾಸ್ಕೆಟ್ ನೋಡಿಸಿ. ಹೆಚ್ಚು ಎಣ್ಣೆ ಸುರಿಯಬಾರದು. ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗೀತು.

ಹೆಡ್ ಬಿಚ್ಚಿದ ಮೇಲೆ
ಸವೆತ ಹೆಚ್ಚಿರುವುದು ರಿಂಗ್ ಓಡಾಡುವ ಮೇಲ್ತುದಿಯಲ್ಲಿ. ಬೋರ್ ಗೇಜ್ ಇಲ್ಲದಿದ್ದರೆ ಹೊಸ ರಿಂಗನ್ನು ಅಲ್ಲಿ ನೇರವಾಗಿ ಕೂರಿಸಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಬೇಕು. ಕೆಳತುದಿಯಲ್ಲೂ ಅಳೆದು ಹೋಲಿಸಬೇಕು. ವ್ಯಾಸ 0.1 ಮಿ.ಮೀ. ಹೆಚ್ಚಾದರೆ ಸಂದು ಸುಮಾರು 0.3 ಮಿ.ಮೀ. ಅಗಲವಾಗುತ್ತದೆ.

ಅಳತೆ ಮಿತಿಯೊಳಗಿದ್ದು ಗೀರು ಉಗುರಿಗೆ ತಾಗದಿದ್ದರೆ ಹೋನಿಂಗ್ ಮತ್ತು ಹೊಸ ರಿಂಗ್ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಲೈನರ್, ಪಿಸ್ಟನ್, ರಿಂಗ್ ಒಟ್ಟಿಗೆ ಬದಲಿಸಬೇಕು. ಲೈನರ್ ಇಲ್ಲದ ಎಂಜಿನ್ನಾದರೆ ವರ್ಕ್‌ಶಾಪಿನಲ್ಲಿ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಬೇಕು. ಹೋನಿಂಗ್ ಆದ ಮೇಲೆ ಸೋಪಿನ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯುವುದು ಕಡ್ಡಾಯ. ಉಳಿದ ಕಲ್ಲಿನ ಪುಡಿ ಹೊಸ ರಿಂಗನ್ನೂ ತಿಂದುಬಿಡುತ್ತದೆ.

ಕಾರಣ ಸರಿಪಡಿಸದಿದ್ದರೆ ಹೊಸ ಲೈನರ್ ಕೂಡ ಬಾಳುವುದಿಲ್ಲ. ಎಂಜಿನ್ ಓಡುವಾಗ ತಂಪು ಮಾಡಿ ಹೊರಬೀಳುವ ನೀರಿನ ಮೇಲೆ ಒಂದು ಕಣ್ಣಿರಲಿ. ಧಾರೆ ಸಣ್ಣದಾದರೆ ಕೂಡಲೇ ನಿಲ್ಲಿಸಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ತಾನಾಗಿ ಆರಲು ಬಿಡಿ.