ರೈಲಿನ ಅವಸರಕ್ಕೆ ಹುಟ್ಟಿತೇ ಮದ್ದೂರು ವಡೆ?

ಪ್ರಶ್ನೆ: ರೈಲು ಬೇಗ ಬಂದುಬಿಟ್ಟಿದ್ದರಿಂದ ಮದ್ದೂರು ವಡೆ ಹುಟ್ಟಿತಂತೆ. ನಿಜವೇ?

ಉತ್ತರ: ಅರ್ಧ ನಂಬಬಹುದು. ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು 1917ರಲ್ಲಿ ಇದನ್ನು ಮೊದಲು ಕರಿದರೆಂಬುದು ವಾಡಿಕೆಯ ಮಾತು. ರೈಲು ಬಂದೇಬಿಟ್ಟಿತು, ಕೈಗೆ ಸಿಕ್ಕಿದ್ದನ್ನೆಲ್ಲ ಕಲಸಿ ತಟ್ಟಿ ಎಣ್ಣೆಗೆ ಬಿಟ್ಟರಂತೆ.

ಸಾಮಗ್ರಿ ನೋಡಿದರೆ ಕತೆ ಹೊಂದುತ್ತದೆ. ಉದ್ದಿನವಡೆಗೆ ಬೇಳೆ ನೆನೆಯಬೇಕು, ರುಬ್ಬಬೇಕು. ಇದಕ್ಕೆ ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಇದ್ದರೆ ಮುಗಿಯಿತು. ಕಾಯಿಸಿದ ಎಣ್ಣೆ ಸುರಿದು, ನೀರು ಚಿಮುಕಿಸಿ ಗಟ್ಟಿಯಾಗಿ ಕಲಸಿದರೆ ಸಾಕು.

ಬಾಣಲೆಯ ಮುಂದೆ ನಿಂತರೆ ಮಾತ್ರ ಅನುಮಾನ ಶುರು. ತೆಳ್ಳಗೆ ತಟ್ಟಿದ ಈ ವಡೆ ಹದವಾದ ಉರಿಯಲ್ಲಿ ನಿಧಾನವಾಗಿ ಬೇಯಬೇಕು. ಉರಿ ಜೋರಾದರೆ ಹೊರಗೆ ಕಪ್ಪು, ಒಳಗೆ ಹಸಿ. ಗಾರ್ಡು ಹಸಿರು ಬಾವುಟ ಹಿಡಿದಾಗ ಮಾಡುವ ತಿಂಡಿಯಲ್ಲ! ಅದು ನಿಲ್ದಾಣದಲ್ಲಿ ಗೆದ್ದದ್ದು ಬೇರೆ ಗುಣಕ್ಕೆ ಅಂತ ನನ್ನ ಲೆಕ್ಕ: ಬೆಳಿಗ್ಗೆ ಕರಿದದ್ದು ಸಂಜೆಗೂ ಕೆಡುವುದಿಲ್ಲ, ಚಟ್ನಿಯ ಹಂಗಿಲ್ಲ, ಕಾಗದದಲ್ಲಿ ಸುತ್ತಿ ಕಿಟಕಿಯಲ್ಲಿ ಕೊಡಬಹುದು. ಬೆಂಗಳೂರು–ಮೈಸೂರು ಹಾದಿಯ ಪ್ರಯಾಣಿಕರಿಗೆ ಇನ್ನೇನು ಬೇಕು?