ಉಂಡ ಮನೆಯ ಹೆಸರು

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಬಿ. ದುರ್ಗ, ಹೊಸದುರ್ಗಗಳ ಕಡೆ ಅನೇಕ ಕುಟುಂಬಗಳ ಬಾಳು ಅಡಿಕೆಯ ತೋಟವನ್ನು ನೆಚ್ಚಿಕೊಂಡಿದೆ. ಭೀಮಸಮುದ್ರವಂತೂ ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಊರು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಹೊಗೆಸೊಪ್ಪು ಬೆರೆಯದ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆಂದು 2004ರಲ್ಲಿ ಪ್ರಕಟಿಸಿತು. ಬೆಳೆಗಾರರ ಸಂಘಗಳು ಇದನ್ನು ಒಪ್ಪದೆ, ಹೊಸ ಸಂಶೋಧನೆ ನಡೆಯಬೇಕೆಂದು ಕೇಳುತ್ತ ಬಂದಿವೆ. ಹಾಗೆ ನಡೆಯುವ ಸಂಶೋಧನೆಯನ್ನು ಓದುವವರು ಮೊದಲು ತಿಳಿಯಬೇಕಾದುದೇನು? ಅದರ ವೆಚ್ಚವನ್ನು ಭರಿಸಿದವರು ಯಾರೆಂಬುದನ್ನು.

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಹಿರಿಯರ ಮಾತು. ಅನ್ನವಿಟ್ಟವರನ್ನು ನೆನೆಯುವುದು ಮನುಷ್ಯನ ಸಹಜ ಗುಣ; ಸಂಸಾರದಲ್ಲಿ ಅದು ಸದ್ಗುಣವೂ ಹೌದು. ಆದರೆ ನ್ಯಾಯ ಹೇಳುವವನಿಗೆ ಇದೇ ಗುಣವು ತೊಡಕಾಗಬಹುದು. ವ್ಯಾಜ್ಯ ತೀರಿಸಲು ಕುಳಿತ ಪಂಚನು ವಾದಿಯಿಂದ ಸಾಲ ಪಡೆದಿದ್ದರೆ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ, ಆ ಸಂಗತಿ ಸಭೆಗೆ ತಿಳಿದಿರಬೇಕಲ್ಲವೇ?

ವೈದ್ಯಕೀಯ ಸಂಶೋಧಕನೂ ಒಂದು ಬಗೆಯ ನ್ಯಾಯ ಹೇಳುವವನೇ. ಒಂದು ಔಷಧವು ರೋಗವನ್ನು ಗುಣಪಡಿಸುವುದೇ, ಒಂದು ಪದಾರ್ಥವು ದೇಹಕ್ಕೆ ಕೇಡು ಮಾಡುವುದೇ ಎಂದು ಪರೀಕ್ಷಿಸಿ ಅವನು ವೈದ್ಯಕೀಯ ಪತ್ರಿಕೆಗಳಲ್ಲಿ ಲೇಖನವನ್ನು ಪ್ರಕಟಿಸುತ್ತಾನೆ. ಅದನ್ನು ನಂಬಿ ವೈದ್ಯರು ಚಿಕಿತ್ಸೆ ಮಾಡುತ್ತಾರೆ. ಸಂಶೋಧಕನು ಆ ಔಷಧದ ತಯಾರಕರಿಂದ ಹಣ ಪಡೆದಿದ್ದರೆ ಸತ್ಯದ ಹಿತವೂ ಹಣ ಕೊಟ್ಟವರ ಹಿತವೂ ಒಂದಕ್ಕೊಂದು ಎದುರಾಗಬಹುದು. ಇದನ್ನೇ ಹಿತಾಸಕ್ತಿಗಳ ಸಂಘರ್ಷವೆನ್ನುತ್ತಾರೆ. ಅಂಥ ಸಂಬಂಧವನ್ನು ಲೇಖನದೊಡನೆಯೇ ಓದುಗರಿಗೆ ತಿಳಿಸುವುದು ಹಿತಾಸಕ್ತಿಯ ಘೋಷಣೆ.

ಇದನ್ನು ಮರೆಮಾಚಿದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗವು ನಿದರ್ಶನವಾಗಿದೆ. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಎಂಬ ವೈದ್ಯನು ಇತರರೊಡನೆ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಕೇವಲ 12 ಮಕ್ಕಳ ವಿವರವಿದ್ದ ಆ ಲೇಖನವು, ದಡಾರ ಮೊದಲಾದ ಮೂರು ರೋಗಗಳ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭೀತಿಯನ್ನು ಹುಟ್ಟಿಸಿತು. ಲಸಿಕೆಯ ತಯಾರಕರ ಮೇಲೆ ದಾವೆ ಹೂಡಲು ಸಿದ್ಧತೆ ನಡೆಸಿದ್ದ ವಕೀಲರಿಂದ ಅವನು ಹಣ ಪಡೆದಿದ್ದನು. ಲೇಖನದಲ್ಲಿ ಅದನ್ನು ತಿಳಿಸಿರಲಿಲ್ಲ. 2004ರಲ್ಲಿ ಬ್ರಯನ್ ಡೀರ್ ಎಂಬ ಪತ್ರಕರ್ತನು ಇದನ್ನು ಬಯಲಿಗೆಳೆದನು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಲಸಿಕೆ ಪಡೆದ ಎಳೆಯ ಮಕ್ಕಳ ಪ್ರಮಾಣವು ಶೇಕಡ 92ರಿಂದ ಸುಮಾರು 80ಕ್ಕೆ ಇಳಿದಿತ್ತು. ಮುಂದೆ ದಡಾರವು ಮತ್ತೆ ತಲೆಯೆತ್ತಿತು. ಪತ್ರಿಕೆಯು ಆ ಲೇಖನವನ್ನು 2010ರ ಫೆಬ್ರವರಿಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡನ ಹೆಸರನ್ನು ತೆಗೆದುಹಾಕಲಾಯಿತು. ಲೇಖನ ಹೋಯಿತು; ಜನರ ಮನಸ್ಸಿನ ಭೀತಿ ಮಾತ್ರ ಅಷ್ಟು ಬೇಗ ಹೋಗಲಿಲ್ಲ.

ಘೋಷಣೆಯ ಪದ್ಧತಿಯು ಇದಕ್ಕೂ ಮೊದಲೇ ಆರಂಭವಾಗಿತ್ತು. ಆರ್ನಾಲ್ಡ್ ರೆಲ್ಮನ್ ಸಂಪಾದಕರಾಗಿದ್ದಾಗ, 1984ರಲ್ಲಿ, ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯು ಲೇಖಕರ ಹಣಕಾಸಿನ ಸಂಬಂಧಗಳನ್ನು ಕೇಳತೊಡಗಿತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯು 2009ರಲ್ಲಿ ಇದಕ್ಕಾಗಿ ಒಂದೇ ಮಾದರಿಯ ನಮೂನೆಯನ್ನು ರೂಪಿಸಿತು. ಭಾರತೀಯ ವೈದ್ಯಕೀಯ ಪರಿಷತ್ತು ಕೂಡ ಅದೇ ವರ್ಷ ತನ್ನ ನಿಯಮಗಳನ್ನು ತಿದ್ದಿ, ಔಷಧೋದ್ಯಮದ ನೆರವಿನಿಂದ ನಡೆಯುವ ಸಂಶೋಧನೆಯ ಹಣದ ಮೂಲವನ್ನು ಆರಂಭದಲ್ಲಿಯೇ ಬಹಿರಂಗಪಡಿಸಬೇಕೆಂದು ವಿಧಿಸಿತು.

ಹಿತಾಸಕ್ತಿಯನ್ನು ಘೋಷಿಸುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತಲ್ಲ. ಸಂಶೋಧನೆಗೆ ಹಣ ಬೇಕು. ಆಸಕ್ತಿಯುಳ್ಳವರೇ ಅದನ್ನು ಕೊಡುವುದೂ ಸಹಜ. ಅಡಿಕೆ ಬೆಳೆಗಾರರ ಸಂಘವೊಂದು ಸಂಶೋಧನೆಗೆ ನೆರವಾದರೆ ಅದು ತಪ್ಪಲ್ಲ. ಆದರೆ ಸಂಘದ ಹೆಸರು ಲೇಖನದಲ್ಲಿ ಅಚ್ಚಾಗಿರಬೇಕು. ಅಡಿಕೆಯ ವಿರುದ್ಧ ಬರೆಯುವವನಿಗೂ ಇದೇ ನಿಯಮವು ಅನ್ವಯಿಸುತ್ತದೆ. ಹೆಸರು ತಿಳಿದ ಮಾತ್ರಕ್ಕೆ ಲೇಖನವು ಸುಳ್ಳಾಗದು, ನಿಜವೂ ಆಗದು. ಯಾವ ಲೆಕ್ಕವನ್ನು ಎರಡನೆಯ ಸಲ ನೋಡಬೇಕು, ಯಾವ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ ನೋಡಬೇಕು ಎಂಬುದು ಅದರಿಂದ ತಿಳಿಯುತ್ತದೆ.

ತೋಟದ ಒಡೆಯನಿಗೆ ಬೆಳೆಯ ಬೆಲೆಯೂ ಬೇಕು, ಮಕ್ಕಳ ಆರೋಗ್ಯವೂ ಬೇಕು. ಮರೆಮಾಚಿದ ಮಾತಿನಿಂದ ಬೆಲೆಯು ಕೆಲವು ಕಾಲ ನಿಂತೀತು. ರೋಗವು ಮಾತ್ರ ಯಾರ ಮನೆಯೆಂದು ಕೇಳಿ ಬರುವುದಿಲ್ಲ. ಆದುದರಿಂದ ವಿದ್ಯೆಯುಳ್ಳವನು ಮೊದಲು ತಾನು ಉಂಡ ಮನೆಯ ಹೆಸರನ್ನು ಹೇಳಬೇಕು. ಆ ಬಳಿಕ ತನ್ನ ತೀರ್ಪನ್ನು ಹೇಳಬೇಕು.